ಇರಾನಿನ ಸುದ್ದಿ ಬಂದಾಗಲೆಲ್ಲ 1953 ಏಕೆ ಬರುತ್ತದೆ?

2025ರ ಜೂನ್ 13ರಂದು ಇಸ್ರೇಲ್ ಇರಾನಿನ ಮೇಲೆ ದಾಳಿ ಆರಂಭಿಸಿತು. ಜೂನ್ 22ರಂದು ಅಮೆರಿಕದ ವಿಮಾನಗಳು ಫೋರ್ದೊ, ನತಾಂಜ್ ಮತ್ತು ಇಸ್ಫಹಾನಿನ ಅಣು ನೆಲೆಗಳ ಮೇಲೆ ಬಾಂಬ್ ಹಾಕಿದವು. 24ರಂದು ಕದನ ವಿರಾಮವಾಯಿತು. ಆ ಹನ್ನೆರಡು ದಿನಗಳಲ್ಲಿ ಯುರೇನಿಯಮ್ಮಿನ ಮಾತು ಎಷ್ಟು ಬಂದಿತೋ ಅಷ್ಟೇ 'ಆಡಳಿತ ಬದಲಾವಣೆ'ಯ ಮಾತೂ ಬಂದಿತು. ಅಮೆರಿಕದ ಅಧ್ಯಕ್ಷರೇ ಆ ಪದವನ್ನು ಬಳಸಿದರು. 1979ರಲ್ಲಿ ದೇಶ ಬಿಟ್ಟ ಶಾನ, ಅಂದರೆ ಇರಾನಿನ ದೊರೆಯ, ಮಗ ರೆಜಾ ಪಹ್ಲವಿ, ಮುಂದಿನ ವ್ಯವಸ್ಥೆಗೆ ತಾನು ದಾರಿ ತೋರಿಸಲು ಸಿದ್ಧ ಎಂದರು. ಅದೇ ಹೊತ್ತಿಗೆ ಟಿವಿ ಚರ್ಚೆಗಳಲ್ಲಿ, ಪತ್ರಿಕೆಗಳ ಅಂಕಣಗಳಲ್ಲಿ 1953 ಎಂಬ ಇಸವಿ ಮತ್ತೆ ಮತ್ತೆ ಕಾಣಿಸಿಕೊಂಡಿತು. ಇರಾನಿನ ಸರ್ಕಾರ ಅದನ್ನು ಅಮೆರಿಕದ ಪಾಪದ ಸಾಕ್ಷಿ ಎಂದು ಮುಂದಿಟ್ಟಿತು. ಅದೇ ಸರ್ಕಾರವನ್ನು ವಿರೋಧಿಸುವ ಇರಾನಿಯರೂ ಬೇರೊಂದು ಕಾರಣಕ್ಕೆ ಅದನ್ನೇ ನೆನೆದರು.

ಓದುಗರಿಗೆ ಇಲ್ಲಿ ಗೊಂದಲವಾಗುವುದು ಸಹಜ. 1953ರಲ್ಲಿ, ಅಮೆರಿಕ ಮತ್ತು ಬ್ರಿಟನ್ನಿನ ಗೂಢಚರ ಸಂಸ್ಥೆಗಳ ಕೈವಾಡವಿದ್ದ ದಂಗೆಯಲ್ಲಿ, ಅಧಿಕಾರ ಕಳೆದುಕೊಂಡ ಇರಾನಿನ ಪ್ರಧಾನಿ ಮೊಹಮ್ಮದ್ ಮೊಸಾದ್ದೆಗ್ ಧರ್ಮಗುರುವಲ್ಲ. ಯೂರೋಪಿನಲ್ಲಿ ಕಾನೂನು ಓದಿದ, ಸಂವಿಧಾನವನ್ನೇ ಉಸಿರಾಡಿದ ರಾಷ್ಟ್ರೀಯವಾದಿ. ಈಗ ತೆಹರಾನಿನಲ್ಲಿ ಆಳುತ್ತಿರುವವರು ಅವರ ವಾರಸುದಾರರೇನೂ ಅಲ್ಲ. ಹಾಗಿದ್ದರೂ ಅವರ ಪತನ ಈಗಿನ ಆಡಳಿತಕ್ಕೆ ಗುರಾಣಿಯಾಗಿದ್ದು ಹೇಗೆ? ಇದಕ್ಕೆ ಉತ್ತರ ಬೇಕಾದರೆ ಎಣ್ಣೆಯ ಬಾವಿಯಿಂದಲೇ ಆರಂಭಿಸಬೇಕು.

ಇನ್ನೊಂದು ಕಂಪನಿ ಸರ್ಕಾರ

1901ರಲ್ಲಿ ಇರಾನಿನ ರಾಜ, ವಿಲಿಯಂ ನಾಕ್ಸ್ ಡಾರ್ಸಿ ಎಂಬ ಬ್ರಿಟಿಷ್ ಸಾಹುಕಾರನಿಗೆ ದೇಶದ ಬಹುಭಾಗದಲ್ಲಿ ತೈಲ ಹುಡುಕುವ ಹಕ್ಕನ್ನು 60 ವರ್ಷಗಳಿಗೆ ಬರೆದುಕೊಟ್ಟ. ಇರಾನಿಗೆ ಸಿಗಬೇಕಾದದ್ದು ಲಾಭದ ಶೇ. 16. 1908ರ ಮೇ ತಿಂಗಳಲ್ಲಿ ಮಸ್ಜಿದ್ ಸುಲೇಮಾನ್ ಎಂಬಲ್ಲಿ ತೈಲ ಚಿಮ್ಮಿತು. 1914ರಲ್ಲಿ ಬ್ರಿಟಿಷ್ ನೌಕಾದಳ ಕಲ್ಲಿದ್ದಲಿನಿಂದ ತೈಲದ ಕಡೆಗೆ ತಿರುಗುತ್ತಿದ್ದ ಹೊತ್ತಿನಲ್ಲಿ, ಬ್ರಿಟಿಷ್ ಸರ್ಕಾರವೇ ಈ ಆಂಗ್ಲೋ-ಪರ್ಷಿಯನ್ ತೈಲ ಕಂಪನಿಯ ಶೇ. 51ರಷ್ಟು ಪಾಲನ್ನು ಕೊಂಡಿತು. ಅಂದಿನಿಂದ ಕಂಪನಿಯ ಹಿತ ಮತ್ತು ಸಾಮ್ರಾಜ್ಯದ ಹಿತ ಎರಡೂ ಒಂದೇ ಆದವು. ಈಸ್ಟ್ ಇಂಡಿಯಾ ಕಂಪನಿಯ ಕಾಲವನ್ನು ಕಂಡ ನಮ್ಮ ಸೀಮೆಯವರಿಗೆ ಈ ಬಗೆಯ ವ್ಯವಸ್ಥೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಈ ತೈಲದ ಕಥೆಗೂ ಬೆಳಗಾವಿಗೂ ಒಂದು ನಂಟಿದೆ. ಮೊದಲ ಮಹಾಯುದ್ಧ ಶುರುವಾದ ಕೆಲವೇ ತಿಂಗಳಲ್ಲಿ, 1914ರ ನವೆಂಬರಿನಲ್ಲಿ, ಅಬಾದಾನಿನ ತೈಲ ಸ್ಥಾವರ ಮತ್ತು ಅದರ ಜಲಮಾರ್ಗವನ್ನು ಕಾಯುವ ಉದ್ದೇಶದಿಂದಲೂ ಭಾರತೀಯ ಸೇನೆಯ ಪೂನಾ ಡಿವಿಜನ್ ಪರ್ಷಿಯನ್ ಕೊಲ್ಲಿಯ ತುದಿಯ ಫಾವ್‌ನಲ್ಲಿ ಇಳಿಯಿತು. ಅದರಲ್ಲಿ 117ನೆಯ ಮರಾಠಾ ಪಲ್ಟನ್ನೂ ಇತ್ತು. ಮರಾಠಾ ಲಘು ಪದಾತಿ ದಳದ ಕೇಂದ್ರ ಇಂದಿಗೂ ಬೆಳಗಾವಿಯ ಕ್ಯಾಂಪಿನಲ್ಲಿದೆ. 1941ರ ಆಗಸ್ಟಿನಲ್ಲಿ ಬ್ರಿಟನ್ ಮತ್ತು ಸೋವಿಯತ್ ಒಕ್ಕೂಟ ಸೇರಿ ಇರಾನನ್ನು ಆಕ್ರಮಿಸಿದಾಗ ಅಬಾದಾನನ್ನು ವಶಪಡಿಸಿಕೊಂಡದ್ದೂ ಭಾರತೀಯ ಡಿವಿಜನ್ನೇ. ಆಗ ರೆಜಾ ಶಾ ಪದತ್ಯಾಗ ಮಾಡಬೇಕಾಯಿತು; 21 ವರ್ಷದ ಮಗ ಮೊಹಮ್ಮದ್ ರೆಜಾ ಗದ್ದುಗೆ ಏರಿದ. ಅಂದರೆ 1953ಕ್ಕಿಂತ 12 ವರ್ಷ ಮೊದಲೇ ಹೊರಗಿನವರು ಇರಾನಿನಲ್ಲಿ ಒಬ್ಬ ದೊರೆಯನ್ನು ಇಳಿಸಿ ಇನ್ನೊಬ್ಬನಿಗೆ ದಾರಿ ಮಾಡಿಕೊಟ್ಟಿದ್ದರು. ಇರಾನಿಯರ ಸಂಶಯ 1953ರಲ್ಲಿ ಹುಟ್ಟಿದ್ದಲ್ಲ.

ಅಬಾದಾನಿನ ಶುದ್ಧೀಕರಣ ಘಟಕ ಆ ಕಾಲಕ್ಕೆ ಜಗತ್ತಿನಲ್ಲೇ ದೊಡ್ಡದು. ಬ್ರಿಟಿಷ್ ಅಧಿಕಾರಿಗಳಿಗೆ ಹುಲ್ಲುಹಾಸಿನ ಬಂಗಲೆ, ಕ್ಲಬ್ಬು, ಈಜುಕೊಳ. ಭಾರತದಿಂದ ಹೋದ ಗುಮಾಸ್ತರು ಮತ್ತು ಕುಶಲಕರ್ಮಿಗಳಿಗೆ ನಡುವಿನ ದರ್ಜೆ. ಇರಾನಿನ ಕೂಲಿಗಳಿಗೆ ಕಾಗಜಾಬಾದ್ ಎಂಬ ಕೊಳೆಗೇರಿ. ಕಾಗಜ್ ಎಂದರೆ ನಮ್ಮ ಕಾಗದವೇ. ಆ ಶಬ್ದ ನಮಗೆ ಬಂದದ್ದೂ ಅಲ್ಲಿಂದಲೇ. ಬ್ರಿಟಿಷ್ ಸರ್ಕಾರ ಈ ಕಂಪನಿಯಿಂದ ವಸೂಲು ಮಾಡುತ್ತಿದ್ದ ತೆರಿಗೆ, ನೆಲದ ಒಡೆಯನಾದ ಇರಾನಿಗೆ ಸಿಗುತ್ತಿದ್ದ ರಾಯಧನಕ್ಕಿಂತ ಹೆಚ್ಚಾಗಿತ್ತು. ಕಂಪನಿಯ ಲೆಕ್ಕದ ಪುಸ್ತಕಗಳನ್ನು ನೋಡುವ ಅವಕಾಶವೂ ಇರಾನಿಗೆ ಇರಲಿಲ್ಲ. ತನ್ನ ಹೊಲದ ಕಬ್ಬು ಎಷ್ಟು ಟನ್ ತೂಗಿತೆಂದು ಕಾರ್ಖಾನೆಯೇ ಹೇಳಬೇಕು, ರೈತ ನಂಬಬೇಕು ಎಂಬಂಥ ಸ್ಥಿತಿ ಅದು. ತೂಕದ ಈ ಜಗಳ ನಮ್ಮ ಕಬ್ಬಿನ ಸೀಮೆಗೆ ಹೊಸದಲ್ಲ.

1950ರ ಡಿಸೆಂಬರಿನಲ್ಲಿ ಅಮೆರಿಕದ ಕಂಪನಿಗಳು ಸೌದಿ ಅರೇಬಿಯಾದೊಂದಿಗೆ ಲಾಭವನ್ನು ಸಮಪಾಲು ಮಾಡಿಕೊಳ್ಳಲು ಒಪ್ಪಿದವು. ಪಕ್ಕದ ಮನೆಯಲ್ಲಿ ಅರ್ಧಕ್ಕೆ ಅರ್ಧ ಸಿಗುವಾಗ ತನಗೇಕಿಲ್ಲ ಎಂದು ಇರಾನ್ ಕೇಳಿತು. ಬ್ರಿಟಿಷ್ ಕಂಪನಿ ಬಗ್ಗಲು ತಡಮಾಡಿತು. ಕೆಲವು ತಿಂಗಳ ಆ ತಡ, ಸಮಪಾಲಿನ ಬೇಡಿಕೆಯನ್ನು ಪೂರ್ತಿ ಒಡೆತನದ ಬೇಡಿಕೆಯಾಗಿ ಬೆಳೆಸಿತು.

ಮೊಸಾದ್ದೆಗ್ ಮಾಡಿದ್ದೇನು

1951ರ ಮಾರ್ಚ್ 15ರಂದು ಇರಾನಿನ ಸಂಸತ್ತು, ಅಂದರೆ ಮಜ್ಲಿಸ್, ತೈಲ ಉದ್ಯಮದ ರಾಷ್ಟ್ರೀಕರಣಕ್ಕೆ ಮತ ಹಾಕಿತು. ಏಪ್ರಿಲ್ 28ರಂದು ಮೊಸಾದ್ದೆಗ್ ಪ್ರಧಾನಿಯಾದರು. ಮೇ 1ರಂದು ಕಾನೂನು ಜಾರಿಗೆ ಬಂದಿತು. ಇದು ಬರಿಯ ಜಪ್ತಿಯಾಗಿರಲಿಲ್ಲ. ಕಂಪನಿಯ ಪರಿಹಾರದ ಹಕ್ಕು ತೀರಿಸಲು ತೈಲದ ಆದಾಯದಲ್ಲಿ ಶೇ. 25ರವರೆಗೆ ಎತ್ತಿಡುವ ವ್ಯವಸ್ಥೆ ಆ ಕಾನೂನಿನಲ್ಲೇ ಇತ್ತು. ಹಳೆಯ ಗ್ರಾಹಕರು ಖರೀದಿ ಮುಂದುವರಿಸಬಹುದಾಗಿತ್ತು. ಲಂಡನ್ನಿನಲ್ಲಿ ಆಗ ಆಳುತ್ತಿದ್ದ ಲೇಬರ್ ಸರ್ಕಾರ ತನ್ನ ದೇಶದ ಕಲ್ಲಿದ್ದಲು ಗಣಿಗಳನ್ನೂ ರೈಲ್ವೆಯನ್ನೂ ಆಗತಾನೇ ರಾಷ್ಟ್ರೀಕರಿಸಿ ಮುಗಿಸಿತ್ತು. ತನ್ನ ಮನೆಯಲ್ಲಿ ಧರ್ಮವಾದದ್ದು ನೆರೆಮನೆಯಲ್ಲಿ ಕಳ್ಳತನವಾದ ಈ ತರ್ಕವನ್ನು ಮೊಸಾದ್ದೆಗ್ ಚೆನ್ನಾಗಿ ಬಳಸಿಕೊಂಡರು.

ಬ್ರಿಟನ್ನಿನ ವಾದಕ್ಕೂ ಒಂದು ಆಧಾರವಿತ್ತು ಎಂಬುದನ್ನು ಮರೆಯಬಾರದು. 1933ರಲ್ಲಿ ರೆಜಾ ಶಾ ಮಾಡಿಕೊಂಡ ಹೊಸ ಒಪ್ಪಂದ 1993ರವರೆಗೆ ನಡೆಯಬೇಕಿತ್ತು. ಅದನ್ನು ಒಂದು ಪಕ್ಷವೇ ಮುರಿಯುವಂತಿಲ್ಲ, ಬಾವಿಗಳನ್ನು ಕೊರೆಸಿದ, ಘಟಕ ಕಟ್ಟಿದ ಬಂಡವಾಳ ತಮ್ಮದು ಎಂದು ಅವರು ಹೇಳಿದರು. ವ್ಯಾಜ್ಯ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಒಪ್ಪಂದ ಇದ್ದದ್ದು ಕಂಪನಿಯೊಂದಿಗೆ, ದೇಶದೊಂದಿಗಲ್ಲ, ಆದ್ದರಿಂದ ಇದು ತನ್ನ ವ್ಯಾಪ್ತಿಗೆ ಬರುವುದಿಲ್ಲ ಎಂದು ನ್ಯಾಯಾಲಯ 1952ರ ಜುಲೈ 22ರಂದು ಹೇಳಿತು.

ದಂಗೆಗೆ ಮೊದಲು ದಿಗ್ಬಂಧನ

ಮೊಸಾದ್ದೆಗ್ ಪತನವನ್ನು ಸಾಮಾನ್ಯವಾಗಿ 1953ರ ಆಗಸ್ಟಿನ ನಾಲ್ಕು ದಿನಗಳ ಪತ್ತೇದಾರಿ ಕಥೆಯಂತೆ ಹೇಳಲಾಗುತ್ತದೆ. ಆ ನಾಲ್ಕು ದಿನಗಳಿಗೆ ಮೊದಲಿನ ಎರಡು ವರ್ಷಗಳನ್ನು ಬಿಟ್ಟರೆ ಏನೂ ಅರ್ಥವಾಗುವುದಿಲ್ಲ.

ಬ್ರಿಟನ್ ಅಬಾದಾನನ್ನು ಸೇನೆಯಿಂದ ವಶಪಡಿಸಿಕೊಳ್ಳುವ ಯೋಜನೆಯನ್ನೂ ಮಾಡಿತ್ತು. ಅಮೆರಿಕದ ಅಧ್ಯಕ್ಷ ಟ್ರೂಮನ್ ಅದಕ್ಕೆ ಬೆಂಬಲ ಕೊಡಲಿಲ್ಲ. ಹಿಂದಿನ ಎರಡು ಸಲ ಕೈಗೆ ಸಿಕ್ಕಿದ್ದ ಭಾರತೀಯ ಸೇನೆ 1947ರ ನಂತರ ಬ್ರಿಟನ್ನಿನ ಸೇನೆಯಾಗಿ ಉಳಿದಿರಲಿಲ್ಲ. ಆದ್ದರಿಂದ ಅದು ಹಿಡಿದ ದಾರಿ ಆರ್ಥಿಕ ದಿಗ್ಬಂಧನ. 1951ರ ಅಕ್ಟೋಬರ್ ಹೊತ್ತಿಗೆ ಬ್ರಿಟಿಷ್ ತಂತ್ರಜ್ಞರೆಲ್ಲ ಅಬಾದಾನ್ ಬಿಟ್ಟು ಹೊರಟರು. ಇರಾನಿನ ಪೌಂಡ್ ಖಾತೆಗಳಿಗೆ ನಿರ್ಬಂಧ ಬಿದ್ದಿತು. ಸಕ್ಕರೆ, ಉಕ್ಕು ಮುಂತಾದ ಸರಕುಗಳ ರಫ್ತು ನಿಂತಿತು. ಇರಾನಿನ ತೈಲವನ್ನು ಕೊಳ್ಳುವವರು ಕದ್ದ ಮಾಲು ಕೊಂಡಂತೆ ಎಂದು ಕಂಪನಿ ಜಗತ್ತಿಗೆಲ್ಲ ಎಚ್ಚರಿಕೆ ಕೊಟ್ಟಿತು. 1952ರಲ್ಲಿ ರೋಸ್ ಮೇರಿ ಎಂಬ ಹಡಗು ಇರಾನಿನ ತೈಲ ತುಂಬಿಕೊಂಡು ಇಟಲಿಯತ್ತ ಹೊರಟಾಗ ಬ್ರಿಟಿಷರು ಅದನ್ನು ಏಡನ್ ಬಂದರಿಗೆ ತಿರುಗಿಸಿದರು. ಆಮೇಲೆ ಬೇರೆ ಹಡಗಿನವರು ಹತ್ತಿರ ಸುಳಿಯಲು ಹೆದರಿದರು.

ಈ ಉಪಾಯ ಫಲಿಸಿದ್ದಕ್ಕೆ ಇನ್ನೊಂದು ಕಾರಣವಿದೆ. ಆ ಕಾಲದಲ್ಲಿ ತೈಲ ತೆಗೆಯುವುದು, ಸಾಗಿಸುವುದು, ಮಾರುವುದು ಬೆರಳೆಣಿಕೆಯ ಪಾಶ್ಚಾತ್ಯ ಕಂಪನಿಗಳ ಹಿಡಿತದಲ್ಲಿತ್ತು. ಅವು ಒಂದಕ್ಕೊಂದು ಪೈಪೋಟಿ ಮಾಡುತ್ತಿದ್ದರೂ, ಒಂದು ದೇಶ ತನ್ನ ಬಾವಿಗಳನ್ನು ತಾನೇ ಇಟ್ಟುಕೊಂಡು ಗೆದ್ದರೆ ನಾಳೆ ಎಲ್ಲರೂ ಅದನ್ನೇ ಮಾಡುತ್ತಾರೆ ಎಂಬ ಭಯ ಅವಕ್ಕೆಲ್ಲ ಸಮಾನವಾಗಿತ್ತು. ಕುವೈತ್, ಸೌದಿ, ಇರಾಕ್‌ಗಳಲ್ಲಿ ಉತ್ಪಾದನೆ ಹೆಚ್ಚಿಸಿ ಇರಾನಿನ ಕೊರತೆಯನ್ನು ತುಂಬಿಕೊಂಡರು. 1950ರಲ್ಲಿ ಸುಮಾರು 24 ಕೋಟಿ ಬ್ಯಾರೆಲ್ ತೈಲ ತೆಗೆದಿದ್ದ ಇರಾನ್, 1952ರಲ್ಲಿ ತೆಗೆದದ್ದು ಸುಮಾರು 1 ಕೋಟಿ ಬ್ಯಾರೆಲ್ ಮಾತ್ರ. ಇರಾನಿನ ತೈಲವಿಲ್ಲದೆ ಜಗತ್ತು ನಡೆಯಿತು. ತೈಲದ ಹಣವಿಲ್ಲದೆ ಇರಾನ್ ನಡೆಯುವುದು ಕಷ್ಟವಾಯಿತು.

ಹಣ ನಿಂತರೆ ಮೈತ್ರಿ ಸಡಿಲವಾಗುತ್ತದೆ. ಮೊಸಾದ್ದೆಗ್ ಅವರ ರಾಷ್ಟ್ರೀಯ ರಂಗದಲ್ಲಿ ವಕೀಲರು, ಪ್ರಾಧ್ಯಾಪಕರು, ಬಜಾರಿನ ವರ್ತಕರು, ಧರ್ಮಗುರುಗಳ ಒಂದು ಬಣ ಎಲ್ಲರೂ ಇದ್ದರು. 1952ರ ಜುಲೈನಲ್ಲಿ ಯುದ್ಧ ಖಾತೆ ಯಾರ ಕೈಯಲ್ಲಿರಬೇಕೆಂಬ ವಿಷಯದಲ್ಲಿ ಶಾನೊಂದಿಗೆ ಜಗಳವಾಗಿ ಅವರು ರಾಜೀನಾಮೆ ಕೊಟ್ಟಾಗ ಇದೇ ಜನ ಬೀದಿಗಿಳಿದು, ಗುಂಡಿಗೆ ಎದೆಯೊಡ್ಡಿ, ಕೆಲವೇ ದಿನಗಳಲ್ಲಿ ಅವರನ್ನು ಮರಳಿ ತಂದರು. ಒಂದು ವರ್ಷದೊಳಗೆ ಅದೇ ಮೈತ್ರಿಯ ಆಯತೊಲ್ಲಾ ಕಾಶಾನಿ, ಮೊಜಾಫರ್ ಬಘಾಯಿ, ಹೊಸೇನ್ ಮಕ್ಕಿ ಮುಂತಾದವರು ಬಿಟ್ಟುಹೋದರು. ಇದು ಬರಿಯ ಹೊರಗಿನವರ ಕುಮ್ಮಕ್ಕೆಂದು ಹೇಳುವುದು ಸರಿಯಲ್ಲ. ಮೊಸಾದ್ದೆಗ್ ತುರ್ತು ಅಧಿಕಾರ ಪಡೆದು ಅದನ್ನು ಮತ್ತೆ ವಿಸ್ತರಿಸಿಕೊಂಡಿದ್ದರು. 1953ರ ಆಗಸ್ಟಿನಲ್ಲಿ ಮಜ್ಲಿಸ್ ವಿಸರ್ಜನೆಗೆ ಅವರು ನಡೆಸಿದ ಜನಮತಗಣನೆಯಲ್ಲಿ 'ಹೌದು' ಮತ್ತು 'ಇಲ್ಲ' ಮತಗಳಿಗೆ ಬೇರೆ ಬೇರೆ ಜಾಗಗಳಲ್ಲಿ ಪೆಟ್ಟಿಗೆ ಇಡಲಾಗಿತ್ತು. ಯಾರು ಎಲ್ಲಿ ನಿಂತರೆಂಬುದು ಎಲ್ಲರಿಗೂ ಕಾಣುತ್ತಿತ್ತು. ಶೇ. 99ಕ್ಕಿಂತ ಹೆಚ್ಚು 'ಹೌದು' ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಸಂವಿಧಾನದ ಹೆಸರಿನಲ್ಲಿ ಜೀವಮಾನವಿಡೀ ಹೋರಾಡಿದ ಮನುಷ್ಯನಿಗೆ ಇದು ಶೋಭೆ ತರುವ ಕೆಲಸವಾಗಿರಲಿಲ್ಲ, ಮತ್ತು ಅವರ ವೈರಿಗಳಿಗೆ ಬೇಕಾಗಿದ್ದ ಕಾನೂನಿನ ನೆಪವನ್ನೂ ಅದೇ ಒದಗಿಸಿತು.

ವಾಷಿಂಗ್ಟನ್ ಮನಸ್ಸು ಬದಲಾದದ್ದು

1952ರ ಅಕ್ಟೋಬರಿನಲ್ಲಿ ಮೊಸಾದ್ದೆಗ್ ಬ್ರಿಟನ್ನಿನೊಂದಿಗೆ ರಾಜತಾಂತ್ರಿಕ ಸಂಬಂಧ ಕಡಿದುಕೊಂಡರು. ರಾಯಭಾರ ಕಚೇರಿ ಮುಚ್ಚಿದ ಮೇಲೆ ಎಂಐ6 ಗೂಢಚರ ಸಂಸ್ಥೆಗೆ ತೆಹರಾನಿನಲ್ಲಿ ನಿಲ್ಲಲು ನೆಲೆಯಿಲ್ಲದಾಯಿತು. ಅದರ ಕೈಯಲ್ಲಿ ಉಳಿದದ್ದು ರಷೀದಿಯನ್ ಸಹೋದರರಂಥ ಹಳೆಯ ಸ್ಥಳೀಯ ಜಾಲ ಮಾತ್ರ. ಅದನ್ನು ನಡೆಸಲು ಅಮೆರಿಕ ಬೇಕಾಯಿತು. ಅಮೆರಿಕಕ್ಕೆ ಬ್ರಿಟಿಷ್ ಕಂಪನಿಯ ಲಾಭದ ಚಿಂತೆ ಇರಲಿಲ್ಲ; ಕಮ್ಯುನಿಸ್ಟರ ಚಿಂತೆ ಇತ್ತು. ಇರಾನಿನ ಉತ್ತರಕ್ಕೆ ಸೋವಿಯತ್ ಗಡಿ, ಒಳಗೆ ತೂದೆ ಎಂಬ ಸಂಘಟಿತ ಕಮ್ಯುನಿಸ್ಟ್ ಪಕ್ಷ. ಬ್ರಿಟಿಷರು ತೈಲದ ವ್ಯಾಜ್ಯವನ್ನು ಕಮ್ಯುನಿಸಮ್ಮಿನ ಅಪಾಯವಾಗಿ ಅನುವಾದಿಸಿ ವಾಷಿಂಗ್ಟನ್ನಿಗೆ ಕೊಟ್ಟರು. 1953ರ ಜನವರಿಯಲ್ಲಿ ಐಸೆನ್‌ಹೋವರ್ ಅಧ್ಯಕ್ಷರಾದಾಗ ಆ ಅನುವಾದವನ್ನು ಓದುವವರು ಸಿಕ್ಕರು: ವಿದೇಶಾಂಗ ಕಾರ್ಯದರ್ಶಿ ಜಾನ್ ಫಾಸ್ಟರ್ ಡಲೆಸ್ ಮತ್ತು ಸಿಐಎ ಮುಖ್ಯಸ್ಥ, ಅವರ ತಮ್ಮ ಅಲೆನ್ ಡಲೆಸ್.

ಮಾತಿನ ನಡುವೆ ಒಂದು ವಿಷಯ. ಆ ವರ್ಷಗಳಲ್ಲಿ ತೆಹರಾನಿನಲ್ಲಿ ಅಮೆರಿಕದ ರಾಯಭಾರಿಗಳಾಗಿದ್ದ ಹೆನ್ರಿ ಗ್ರೇಡಿ ಮತ್ತು ಲಾಯ್ ಹೆಂಡರ್ಸನ್ ಇಬ್ಬರೂ ಅದಕ್ಕೆ ಮೊದಲು ದೆಹಲಿಯಲ್ಲಿ ಅದೇ ಹುದ್ದೆಯಲ್ಲಿದ್ದವರು. ಗ್ರೇಡಿ ಇರಾನಿನ ರಾಷ್ಟ್ರೀಯವಾದಿಗಳ ಬಗ್ಗೆ ಸಹಾನುಭೂತಿ ಇದ್ದವರು; ಹೆಂಡರ್ಸನ್ ಆ ರಾಷ್ಟ್ರೀಯವಾದಿಗಳನ್ನು ಶೀತಲ ಸಮರದ ಕನ್ನಡಕದಿಂದ ನೋಡಿದವರು. ಮನುಷ್ಯರು ಬದಲಾದಂತೆ ನೀತಿಯೂ ಬದಲಾಯಿತು.

1953ರ ಏಪ್ರಿಲಿನಲ್ಲಿ ಮೊಸಾದ್ದೆಗ್ ಅವರನ್ನು ಇಳಿಸಲು ತೆಹರಾನಿನ ಸಿಐಎ ಕೇಂದ್ರಕ್ಕೆ 10 ಲಕ್ಷ ಡಾಲರ್ ಮಂಜೂರಾಯಿತು. ಅದೇ ತಿಂಗಳು ಮೊಸಾದ್ದೆಗ್ ನಂಬಿದ್ದ ಪೊಲೀಸ್ ಮುಖ್ಯಸ್ಥ ಅಫ್ಶಾರ್‌ತೂಸ್ ಅವರನ್ನು ಅಪಹರಿಸಿ ಕೊಲ್ಲಲಾಯಿತು. ಜುಲೈ 1ರಂದು ಚರ್ಚಿಲ್, ಜುಲೈ 11ರಂದು ಐಸೆನ್‌ಹೋವರ್ ಯೋಜನೆಗೆ ಒಪ್ಪಿಗೆ ಕೊಟ್ಟರು. ಹಿಂದಿನ ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ಅವರ ಮೊಮ್ಮಗ ಕರ್ಮಿಟ್ ರೂಸ್‌ವೆಲ್ಟ್ ಕಾರ್ಯಾಚರಣೆ ನಡೆಸಲು ತೆಹರಾನಿಗೆ ಬಂದ. ಪತ್ರಿಕೆಗಳಿಗೆ ಸುದ್ದಿ ತುರುಕುವುದು, ಮಜ್ಲಿಸ್ ಸದಸ್ಯರಿಗೆ ಹಣ ಹಂಚುವುದು, ಕಮ್ಯುನಿಸ್ಟರ ಹೆಸರಿನಲ್ಲಿ ಧರ್ಮಗುರುಗಳಿಗೆ ಬೆದರಿಕೆ ಹಾಕಿಸುವುದು, ಸೇನಾಧಿಕಾರಿಗಳನ್ನು ಒಲಿಸುವುದು ಆ ಕಾರ್ಯಾಚರಣೆಯ ಅಂಗಗಳು. ಹೊಸ ಪ್ರಧಾನಿಯಾಗಿ ಆರಿಸಿದ್ದು ಜನರಲ್ ಫಜ್ಲೊಲ್ಲಾ ಜಾಹೆದಿಯನ್ನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿ ಒಲವಿನವನೆಂದು ಇದೇ ಬ್ರಿಟಿಷರು ಈತನನ್ನು ಹಿಡಿದು ಸೆರೆಯಲ್ಲಿಟ್ಟಿದ್ದರು!

ಆಗಸ್ಟ್ 15ರಿಂದ 19ರವರೆಗೆ

ಆಗಸ್ಟ್ 15ರ ರಾತ್ರಿ ಕರ್ನಲ್ ನೆಮತೊಲ್ಲಾ ನಸ್ಸಿರಿ, ಮೊಸಾದ್ದೆಗ್ ಅವರನ್ನು ವಜಾ ಮಾಡಿದ ಶಾನ ಫರ್ಮಾನು ಹಿಡಿದು ಅವರ ಮನೆಗೆ ಹೋದ. ಸುದ್ದಿ ಮೊದಲೇ ಸೋರಿತ್ತು; ಅಲ್ಲಿ ನಸ್ಸಿರಿಯನ್ನೇ ಬಂಧಿಸಲಾಯಿತು. ಶಾ ವಿಮಾನ ಹತ್ತಿ ಬಾಗ್ದಾದಿಗೆ, ಅಲ್ಲಿಂದ ರೋಮಿಗೆ ಓಡಿದ. ಮುಂದಿನ ಎರಡು ದಿನ ತೂದೆ ಪಕ್ಷದವರು ಮತ್ತು ರಾಷ್ಟ್ರೀಯವಾದಿಗಳು ಬೀದಿಗಳಲ್ಲಿ ಶಾ ಮತ್ತು ಆತನ ತಂದೆಯ ಪ್ರತಿಮೆಗಳನ್ನು ಕೆಡವಿದರು. ಆ ಗುಂಪುಗಳಲ್ಲಿ ಕೂಲಿಗೆ ಬಂದ ನಕಲಿ ಕಮ್ಯುನಿಸ್ಟರೂ ಇದ್ದರು. ಕಾರ್ಯಾಚರಣೆ ಕೈಕೊಟ್ಟಿತೆಂದು ಭಾವಿಸಿದ ವಾಷಿಂಗ್ಟನ್ 18ರಂದು ಅದನ್ನು ನಿಲ್ಲಿಸುವ ಸೂಚನೆಯನ್ನೂ ಕಳಿಸಿತು.

ಅದೇ 18ರ ಸಂಜೆ ರಾಯಭಾರಿ ಹೆಂಡರ್ಸನ್ ಮೊಸಾದ್ದೆಗ್ ಅವರನ್ನು ಕಂಡು, ಬೀದಿಗಳಲ್ಲಿ ಅಮೆರಿಕನ್ನರಿಗೆ ಭದ್ರತೆ ಇಲ್ಲವೆಂದು ದೂರಿದರು. ಮೊಸಾದ್ದೆಗ್ ಪೊಲೀಸರಿಗೆ ಬೀದಿ ತೆರವು ಮಾಡಲು ಹೇಳಿದರು. ತೂದೆ ಪಕ್ಷವೂ ತನ್ನವರನ್ನು ಮನೆಗೆ ಕಳಿಸಿತು. ಹೀಗಾಗಿ 19ರ ಬೆಳಗ್ಗೆ ದಕ್ಷಿಣ ತೆಹರಾನಿನಿಂದ ಶಾ ಪರ ಗುಂಪು ಹೊರಟಾಗ ಎದುರು ನಿಲ್ಲುವವರೇ ಬೀದಿಯಲ್ಲಿರಲಿಲ್ಲ. ಗರಡಿಮನೆಯ ಪೈಲವಾನರು, ಬಜಾರಿನ ರೌಡಿಗಳು, ಹಣ ಪಡೆದವರು, ಹಣ ಪಡೆಯದೆ ನಿಜವಾಗಿ ಶಾನನ್ನು ಬಯಸಿದವರು ಎಲ್ಲರೂ ಅದರಲ್ಲಿ ಸೇರಿಹೋದರು. ಮಧ್ಯಾಹ್ನದ ಹೊತ್ತಿಗೆ ಟ್ಯಾಂಕುಗಳು ಬಂದವು, ರೇಡಿಯೋ ಕೇಂದ್ರ ಕೈವಶವಾಯಿತು, ಮೊಸಾದ್ದೆಗ್ ಅವರ ಮನೆಯ ಮೇಲೆ ಗುಂಡಿನ ದಾಳಿ ನಡೆಯಿತು. ನೂರಾರು ಜನ ಸತ್ತರು. ಮರುದಿನ ಮೊಸಾದ್ದೆಗ್ ಶರಣಾದರು. ಸೇನಾ ನ್ಯಾಯಾಲಯ ಮೂರು ವರ್ಷ ಸೆರೆ ವಿಧಿಸಿತು; ಆಮೇಲೆ ಅಹ್ಮದಾಬಾದ್ ಎಂಬ ತಮ್ಮ ಹಳ್ಳಿಯ ಮನೆಯಲ್ಲೇ ಬಂಧಿಯಾಗಿ 1967ರ ಮಾರ್ಚ್ 5ರಂದು ತೀರಿಕೊಂಡರು. ಅವರ ವಿದೇಶಾಂಗ ಸಚಿವ ಹೊಸೇನ್ ಫಾತೆಮಿಯನ್ನು 1954ರ ನವೆಂಬರಿನಲ್ಲಿ ಗುಂಡಿಕ್ಕಿ ಕೊಂದರು.

ಕೊಡಲಿ ಮತ್ತು ಕಾವು

ಹಾಗಾದರೆ ಸರ್ಕಾರವನ್ನು ಬೀಳಿಸಿದವರು ಯಾರು? ಇಂದಿನ ವಾಗ್ವಾದಗಳೆಲ್ಲ ಈ ಪ್ರಶ್ನೆಯ ಸುತ್ತಲೇ ಇವೆ.

ಒಂದು ಪಕ್ಷದವರು, ಸಿಐಎ ಮತ್ತು ಎಂಐ6 ಇಲ್ಲದಿದ್ದರೆ ಇದು ನಡೆಯುತ್ತಲೇ ಇರಲಿಲ್ಲ ಎನ್ನುತ್ತಾರೆ. ಅವರಿಗೆ ಬಲವಾದ ದಾಖಲೆಗಳಿವೆ. ಕಾರ್ಯಾಚರಣೆಯ ಬಗ್ಗೆ ಸಿಐಎ 1954ರಲ್ಲೇ ಬರೆಸಿಟ್ಟ ಆಂತರಿಕ ಇತಿಹಾಸ 2000ದಲ್ಲಿ ಪತ್ರಿಕೆಗೆ ಸಿಕ್ಕಿತು. ಅದೇ ವರ್ಷ ವಿದೇಶಾಂಗ ಕಾರ್ಯದರ್ಶಿ ಮೆಡಲೀನ್ ಆಲ್‌ಬ್ರೈಟ್, 2009ರಲ್ಲಿ ಕೈರೋ ಭಾಷಣದಲ್ಲಿ ಅಧ್ಯಕ್ಷ ಒಬಾಮಾ ಅಮೆರಿಕದ ಪಾತ್ರವನ್ನು ಒಪ್ಪಿಕೊಂಡರು. 2013ರಲ್ಲಿ ಹೊರಬಂದ ಕಡತಗಳಲ್ಲಿ ಸಿಐಎ ಸ್ವತಃ ಒಪ್ಪಿಕೊಂಡಿದೆ. 1989ರಲ್ಲಿ ಈ ವಿಷಯವನ್ನೇ ಬಿಟ್ಟು ದಾಖಲೆ ಸಂಪುಟ ಪ್ರಕಟಿಸಿ ಟೀಕೆಗೆ ಗುರಿಯಾಗಿದ್ದ ಅಮೆರಿಕದ ವಿದೇಶಾಂಗ ಇಲಾಖೆ, 2017ರಲ್ಲಿ ಇನ್ನೊಂದು ಸಂಪುಟ ಹೊರತಂದು ತಪ್ಪನ್ನು ತಿದ್ದಿಕೊಂಡಿತು.

ಇನ್ನೊಂದು ಪಕ್ಷದವರು ಅದೇ ಕಡತಗಳನ್ನು ತಿರುಗಿಸಿ ಓದುತ್ತಾರೆ. ವಿದೇಶಿಯರ ಯೋಜನೆ 15ರ ರಾತ್ರಿಯೇ ಕೆಟ್ಟಿತ್ತಲ್ಲವೇ, ವಾಷಿಂಗ್ಟನ್ ಕೈಬಿಟ್ಟ ಮೇಲೆ 19ರಂದು ಗೆದ್ದವರು ಯಾರು ಎಂಬುದು ಅವರ ಪ್ರಶ್ನೆ. ಧರ್ಮಗುರುಗಳು, ಅತೃಪ್ತ ಸೇನಾಧಿಕಾರಿಗಳು, ಬೇಸತ್ತ ವರ್ತಕರು ಮಾಡಿದ ಕೆಲಸಕ್ಕೆ ಕರ್ಮಿಟ್ ರೂಸ್‌ವೆಲ್ಟ್ ತನ್ನ ಹೆಸರು ಹಚ್ಚಿಕೊಂಡ ಎಂಬುದು ಅವರ ಆರೋಪ. ಮಜ್ಲಿಸ್ ಇಲ್ಲದಾಗ ಪ್ರಧಾನಿಯನ್ನು ವಜಾ ಮಾಡುವ ಅಧಿಕಾರ ಶಾನಿಗಿತ್ತು, ಆದ್ದರಿಂದ ಇದನ್ನು ದಂಗೆ ಎನ್ನುವುದೇ ತಪ್ಪು ಎಂದೂ ಕೆಲವರು ವಾದಿಸುತ್ತಾರೆ. ರಾಜಪ್ರಭುತ್ವದ ಬೆಂಬಲಿಗರಿಗೆ ಈ ವಾದ ಪ್ರಿಯ.

ಎರಡನೆಯ ವಾದದಲ್ಲಿ ಸತ್ಯಾಂಶವಿದ್ದರೂ ಅದು ಮುಖ್ಯ ಪ್ರಶ್ನೆಯಿಂದ ನುಣುಚಿಕೊಳ್ಳುತ್ತದೆ. ಫರ್ಮಾನಿಗೆ ಸಹಿ ಹಾಕಲು ಹಿಂಜರಿಯುತ್ತಿದ್ದ ಶಾನನ್ನು ವಾರಗಟ್ಟಲೆ ಒತ್ತಾಯಿಸಿ ಸಹಿ ಹಾಕಿಸಿದವರು ವಿದೇಶಿಯರೇ. ಆ ಫರ್ಮಾನಿನ ನಕಲುಗಳನ್ನು ಊರೆಲ್ಲ ಹಂಚಿಸಿದವರು ಅವರೇ. ಜಾಹೆದಿಯನ್ನು ಅಡಗಿಸಿಟ್ಟವರು ಅವರೇ. ಎಲ್ಲಕ್ಕಿಂತ ಮುಖ್ಯವಾಗಿ, ವರ್ತಕರು ಬೇಸತ್ತದ್ದು, ಮೈತ್ರಿ ಒಡೆದದ್ದು ಎರಡು ವರ್ಷ ಖಜಾನೆ ಖಾಲಿಯಿದ್ದುದರಿಂದ. ಖಜಾನೆ ಖಾಲಿಯಾದದ್ದು ದಿಗ್ಬಂಧನದಿಂದ. 19ರ ಬೀದಿಯ ಜನ ಇರಾನಿಯರು ಎಂಬುದು ನಿಜ. ಅವರು ನಡೆದ ಬೀದಿಯನ್ನು ಸಿದ್ಧಮಾಡಿದವರು ಹೊರಗಿನವರು.

ಕಿತ್ತೂರಿನ ಕಥೆ ಕೇಳಿ ಬೆಳೆದವರಿಗೆ ಈ ಜಗಳ ಪರಿಚಿತವಾಗಿಯೇ ಕಾಣುತ್ತದೆ. 1824ರಲ್ಲಿ ದತ್ತಕ ಒಪ್ಪುವುದಿಲ್ಲ ಎಂಬ ಕಾನೂನಿನ ನೆಪ ತೆಗೆದದ್ದು ಧಾರವಾಡದ ಥ್ಯಾಕರೆ; ಬೈಲಹೊಂಗಲದ ಕಡೆ ಹಾಡುವ ಲಾವಣಿಗಳಲ್ಲಿ ಮಾತ್ರ ಥ್ಯಾಕರೆಗಿಂತ ಹೆಚ್ಚಿನ ಬೈಗುಳ ಮದ್ದು ಕೆಡಿಸಿದ ಮನೆಯೊಳಗಿನವರಿಗೆ, ರಾಯಣ್ಣನನ್ನು ಹಿಡಿದುಕೊಟ್ಟ ತಮ್ಮವರಿಗೆ ಬೀಳುತ್ತದೆ. ಎರಡು ಘಟನೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬೇಕಾಗಿಲ್ಲ. ಒಂದು ಸಂಸ್ಥಾನ, ಇನ್ನೊಂದು ಸಂಸದೀಯ ಸರ್ಕಾರ. ಆದರೆ ಕೊಡಲಿ ಕಾವು ಕುಲಕ್ಕೆ ಮೃತ್ಯು ಎಂಬ ಗಾದೆ ಎರಡಕ್ಕೂ ಹೊಂದುತ್ತದೆ. ಕಾವಿಲ್ಲದೆ ಕೊಡಲಿ ಮರ ಕಡಿಯಲಾರದು. ಹಾಗೆಂದು ಮರ ಕಡಿದದ್ದು ಕಾವೇ ಎನ್ನುವುದೂ ಸರಿಯಾಗದು.

ತೈಲ ಯಾರ ಪಾಲಾಯಿತು

1954ರ ಒಪ್ಪಂದದಲ್ಲಿ ರಾಷ್ಟ್ರೀಕರಣದ ಹೆಸರು ಉಳಿಯಿತು, ಹಿಡಿತ ಹೋಯಿತು. ತೈಲ ತೆಗೆದು ಮಾರುವ ಕೆಲಸ ಒಂದು ಕಂಪನಿಕೂಟದ ಕೈ ಸೇರಿತು: ಹೆಸರು ಬದಲಿಸಿ ಬ್ರಿಟಿಷ್ ಪೆಟ್ರೋಲಿಯಂ ಆದ ಹಳೆಯ ಕಂಪನಿಗೆ ಶೇ. 40, ಅಮೆರಿಕದ ಕಂಪನಿಗಳಿಗೆ ಶೇ. 40, ಶೆಲ್‌ಗೆ ಶೇ. 14, ಫ್ರೆಂಚ್ ಕಂಪನಿಗೆ ಶೇ. 6. ಇರಾನಿಗೆ ಲಾಭದಲ್ಲಿ ಅರ್ಧ. 1950ರಲ್ಲಿ ಅದು ಕೇಳಿದ್ದೂ ಇದನ್ನೇ. ಅಮೆರಿಕಕ್ಕೆ ಕಂಪನಿಯ ಲಾಭದ ಚಿಂತೆ ಇರಲಿಲ್ಲ ಎಂಬ ಮೇಲಿನ ಮಾತಿಗೆ ಇಲ್ಲೊಂದು ತಿದ್ದುಪಡಿ ಬೇಕು: ಆರಂಭದಲ್ಲಿ ಇರಲಿಲ್ಲ, ಕೊನೆಯಲ್ಲಿ ಪಾಲು ಬಂದಿತು.

ನಡುವಿನವರು ಇಲ್ಲವಾದ ಬಗೆ

1953ರ ನಂತರ ಶಾ ಸಂವಿಧಾನಬದ್ಧ ದೊರೆಯಾಗಿ ಉಳಿಯಲಿಲ್ಲ. ಅಮೆರಿಕದ ನೆರವಿನಿಂದ ಸೇನೆ ಬೆಳೆಯಿತು. 1957ರಲ್ಲಿ ಸಾವಾಕ್ ಎಂಬ ರಹಸ್ಯ ಪೊಲೀಸ್ ಸಂಸ್ಥೆ ಹುಟ್ಟಿತು. ರಾಷ್ಟ್ರೀಯ ರಂಗವನ್ನು ಚದುರಿಸಲಾಯಿತು, ತೂದೆ ಪಕ್ಷದ ಜಾಲವನ್ನು ಒಡೆಯಲಾಯಿತು, ಪತ್ರಿಕೆಗಳ ಬಾಯಿ ಕಟ್ಟಲಾಯಿತು. ಪೂರ್ತಿಯಾಗಿ ಮುಚ್ಚಲಾಗದೆ ಉಳಿದದ್ದು ಮಸೀದಿ ಮತ್ತು ಅದರ ಸುತ್ತಲಿನ ಬಜಾರು. 25 ವರ್ಷಗಳ ನಂತರ ಶಾನ ವಿರುದ್ಧ ಜನ ಎದ್ದಾಗ ಊರೂರಿನಲ್ಲಿ ಸಂಘಟನೆ ಇದ್ದದ್ದು ಧರ್ಮಗುರುಗಳಿಗೆ ಮಾತ್ರ. 1979ರ ಕ್ರಾಂತಿಗೆ 1953 ಒಂದೇ ಕಾರಣವಲ್ಲ. ಆದರೆ ಕ್ರಾಂತಿಯ ಮುಂದಾಳುತನ ಯಾರಿಗೆ ಸಿಗಬಹುದೆಂಬುದನ್ನು ಅದು ಬಹಳ ಮಟ್ಟಿಗೆ ಮೊದಲೇ ತೀರ್ಮಾನಿಸಿತ್ತು.

ಇದಕ್ಕಿಂತ ಆಳವಾದ ಪರಿಣಾಮ ಇನ್ನೊಂದಿದೆ. ಕ್ರಾಂತಿಯ ನಂತರದ ಮೊದಲ ಪ್ರಧಾನಿ ಮೆಹದಿ ಬಾಜರ್ಗಾನ್ ಮೊಸಾದ್ದೆಗ್ ಅವರ ಹಳೆಯ ಸಂಗಡಿಗ. 1951ರಲ್ಲಿ ಅಬಾದಾನಿಗೆ ಹೋಗಿ ತೈಲ ಉದ್ಯಮವನ್ನು ವಹಿಸಿಕೊಂಡ ಮಂಡಳಿಯ ಮುಖ್ಯಸ್ಥ ಅವರೇ. 1979ರ ಅಕ್ಟೋಬರಿನಲ್ಲಿ ಅಮೆರಿಕ ಶಾನನ್ನು ಚಿಕಿತ್ಸೆಗೆಂದು ಒಳಬಿಟ್ಟುಕೊಂಡಾಗ, 1953ರಂತೆ ಮತ್ತೆ ಅವನನ್ನು ತಂದು ಕೂರಿಸುತ್ತಾರೆ ಎಂಬ ಭಯ ತೆಹರಾನಿನಲ್ಲಿ ಹಬ್ಬಿತು. ನವೆಂಬರ್ 4ರಂದು ವಿದ್ಯಾರ್ಥಿಗಳು ಅಮೆರಿಕದ ರಾಯಭಾರ ಕಚೇರಿಯನ್ನು ವಶಪಡಿಸಿಕೊಂಡರು. 52 ಜನರ ಸೆರೆ 444 ದಿನ ನಡೆಯಿತು. ಕೆಲವೇ ದಿನ ಮೊದಲು ಅಲ್ಜಿಯರ್ಸ್‌ನಲ್ಲಿ ಅಮೆರಿಕದ ಭದ್ರತಾ ಸಲಹೆಗಾರರ ಕೈ ಕುಲುಕಿದ್ದೇ ಬಾಜರ್ಗಾನ್ ಅವರಿಗೆ ಮುಳುವಾಯಿತು. ಕಚೇರಿ ವಶವಾದ ಎರಡು ದಿನಗಳಲ್ಲಿ ಅವರ ಸರ್ಕಾರ ರಾಜೀನಾಮೆ ಕೊಟ್ಟಿತು. ರಾಯಭಾರ ಕಚೇರಿಯಲ್ಲಿ ಸಿಕ್ಕ ಕಾಗದಗಳನ್ನು ಆಧಾರ ಮಾಡಿಕೊಂಡು ಅವರ ಉಪಪ್ರಧಾನಿಯಾಗಿದ್ದ ಅಬ್ಬಾಸ್ ಅಮೀರ್ ಎಂತೆಜಾಮ್ ಅವರಿಗೆ ಗೂಢಚರ್ಯೆಯ ಆರೋಪದಲ್ಲಿ ಜೀವಾವಧಿ ಶಿಕ್ಷೆಯಾಯಿತು. ಮೊಸಾದ್ದೆಗ್ ಅವರನ್ನು ಕೆಡವಿದ ಒಳಸಂಚಿನ ನೆನಪೇ ಮೊಸಾದ್ದೆಗ್ ಅವರ ಶಿಷ್ಯರನ್ನು ಕೆಡವುವ ಆಯುಧವಾಯಿತು.

ಆಳುವ ಧರ್ಮಗುರುಗಳಿಗೆ ಮೊಸಾದ್ದೆಗ್ ಪ್ರಿಯರೇನೂ ಅಲ್ಲ. ಕ್ರಾಂತಿಯಾದ ಹೊಸದರಲ್ಲಿ ತೆಹರಾನಿನ ಪಹ್ಲವಿ ರಸ್ತೆಗೆ ಅವರ ಹೆಸರಿಟ್ಟಿದ್ದರು. ಬಹಳ ದಿನ ಕಳೆಯುವ ಮೊದಲೇ ಅದನ್ನು ತೆಗೆದು ವಲಿಯಸ್ರ್ ರಸ್ತೆ ಎಂದರು. ಅವರಿಗೆ 1953ರ ದಂಗೆ ಬೇಕು, ದಂಗೆಗೆ ಬಲಿಯಾದ ಮನುಷ್ಯ ಬೇಡ.

ಮುಂದಿನ ದಿನಗಳಿಗೆ ಇದರ ಅರ್ಥ

ಹೊರಗಿನ ಒತ್ತಡದಿಂದ ಇರಾನಿನ ಆಡಳಿತ ಕುಸಿಯಬಹುದು ಎನ್ನುವವರು ಅಲ್ಲಿಯ ಹಣದುಬ್ಬರ, ನೀರಿನ ಕೊರತೆ, 2022ರಲ್ಲಿ ಪೊಲೀಸರ ವಶದಲ್ಲಿದ್ದ ಯುವತಿ ಮಹ್ಸಾ ಅಮೀನಿ ಸಾವಿನ ನಂತರದ ಪ್ರತಿಭಟನೆಗಳನ್ನು ತೋರಿಸುತ್ತಾರೆ. ಅಸಮಾಧಾನ ನಿಜ. ಆದರೆ 1951ರಲ್ಲಿ ಇದ್ದ ಒಂದು ಅನುಕೂಲ ಈಗ ಹೊರಗಿನವರಿಗಿಲ್ಲ. ತೈಲ ಈಗ ಏಳೆಂಟು ಕಂಪನಿಗಳ ಕೈಯಲ್ಲಿಲ್ಲ. ನಿರ್ಬಂಧಗಳ ನಡುವೆಯೂ ಚೀನಾ ಇರಾನಿನ ತೈಲ ಕೊಳ್ಳುತ್ತದೆ. ಸೇನೆಯಲ್ಲಿ ಇನ್ನೊಬ್ಬ ಜಾಹೆದಿಯನ್ನು ಹುಡುಕುವುದೂ ಸುಲಭವಲ್ಲ. 1953ರ ಪಾಠವನ್ನು ಎಲ್ಲರಿಗಿಂತ ಶ್ರದ್ಧೆಯಿಂದ ಕಲಿತವರು ಈಗಿನ ಆಡಳಿತಗಾರರೇ. ಹಳೆಯ ಸೇನೆಯ ಮೇಲೆ ನಂಬಿಕೆಯಿಲ್ಲದೆ ಅದರ ಪಕ್ಕದಲ್ಲಿ ಕ್ರಾಂತಿ ರಕ್ಷಕ ದಳವನ್ನು ಕಟ್ಟಿದ್ದರ ಹಿಂದೆ ಆ ಎಚ್ಚರವೂ ಇತ್ತು.

ಭಾರತ 2019ರ ಮೇ ತಿಂಗಳಿಂದ ಇರಾನಿನ ಕಚ್ಚಾ ತೈಲ ಕೊಳ್ಳುವುದನ್ನು ನಿಲ್ಲಿಸಿದ್ದರೂ ಈ ಬಿಕ್ಕಟ್ಟಿನಿಂದ ಹೊರಗಿಲ್ಲ. ಜಗತ್ತಿನ ತೈಲದ ಐದನೆಯ ಒಂದು ಭಾಗದಷ್ಟು ಹಾದುಹೋಗುವ ಹೊರ್ಮುಜ್ ಜಲಸಂಧಿಗೆ ಅಡ್ಡಿಯಾದರೆ ಡೀಸೆಲ್ಲಿನ ಬೆಲೆ, ಅದರ ಬೆನ್ನಿಗೆ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳ ಸಾಗಣೆ ವೆಚ್ಚ, ವಿಜಯಪುರದ ದ್ರಾಕ್ಷಿ ಲಾರಿಗಳ ಬಾಡಿಗೆ ಏರುತ್ತವೆ. 2024ರ ಮೇ 13ರಂದು ಭಾರತ ಹತ್ತು ವರ್ಷಗಳಿಗೆ ವಹಿಸಿಕೊಂಡ ಇರಾನಿನ ಚಾಬಹಾರ್ ಬಂದರಿನ ಕೆಲಸವೂ ತೆಹರಾನಿನಲ್ಲಿ ಯಾರಿರುತ್ತಾರೆ, ವಾಷಿಂಗ್ಟನ್ ಏನು ಹೇಳುತ್ತದೆ ಎಂಬ ಎರಡರ ಮೇಲೂ ನಿಂತಿದೆ.

ಇರಾನಿನೊಳಗಿನ ಪರಿಣಾಮ ಮಾತ್ರ ಆಗಲೇ ಕಾಣಿಸಿಕೊಂಡಿದೆ. ಜೂನ್ ಯುದ್ಧ ನಡೆಯುತ್ತಿದ್ದಾಗಲೇ ಇಸ್ರೇಲಿನ ಗೂಢಚರರೆಂಬ ಆರೋಪದ ಮೇಲೆ ಬಂಧನಗಳು ಆರಂಭವಾದವು, ಕೆಲವರನ್ನು ಗಲ್ಲಿಗೇರಿಸಲಾಯಿತು. ಅವರಲ್ಲಿ ನಿಜವಾದ ಗೂಢಚರರು ಇದ್ದಿರಬಹುದು, ಇಸ್ರೇಲಿನ ದಾಳಿಯ ನಿಖರತೆ ನೋಡಿದರೆ ಒಳಗಿನವರ ನೆರವಿತ್ತೆಂದು ನಂಬಲು ಕಾರಣವೂ ಇದೆ. ಆದರೆ ವಿಚಾರಣೆ ನಡೆಯುವುದು ಮುಚ್ಚಿದ ಬಾಗಿಲ ಹಿಂದೆ. ಆರೋಪಿ ಜಾಹೆದಿಯೋ ಬಾಜರ್ಗಾನೋ ಎಂದು ಹೊರಗೆ ನಿಂತವರಿಗೆ ತಿಳಿಯುವ ದಾರಿ ಇಲ್ಲ.